ಕಥೆ ಮುಗೀತಾ? ನೀತಿ ಹೇಳ್ಬೇಡಿ

ಭಾಗ 1/7

ಪುಟ್ಟ ಮಕ್ಕಳಿಗೆ ಪುಸ್ತಕ ಅಂದ ತಕ್ಷಣ ನಮ್ಮೋರಿಗೆ ನೆನಪಾಗೋದು ಒಂದೇ ಜಾತಿ ಪುಸ್ತಕ. ನೀತಿ ಕಥೆಗಳು. ಬಸ್‌ಸ್ಟ್ಯಾಂಡ್ ಅಂಗಡಿಯಿಂದ ಪುಸ್ತಕ ಮೇಳದ ತನಕ ಎಲ್ಲಾ ಕಡೆ ಸಿಗುತ್ತೆ. ಹೊಳೆಯೋ ರಟ್ಟು, ಒಳಗೆ ಇಕ್ಕಟ್ಟಾದ ಅಕ್ಷರ, ಮೂಲೇಲಿ ಒಂದು ಚಿತ್ರ, ಕೊನೇಲಿ ದಪ್ಪಕ್ಷರದಲ್ಲಿ 'ನೀತಿ'. ದುರಾಸೆ ಪಡಬಾರದು. ಹಿರಿಯರ ಮಾತು ಮೀರಬಾರದು.

ನಾಲ್ಕು ವರ್ಷದ ಮಗು ಅದ್ಯಾವ ದುರಾಸೆ ಪಟ್ಟಿದೆ ಸ್ವಾಮಿ? ಇನ್ನೊಂದು ಬಿಸ್ಕೆಟ್ ಕೇಳಿದ್ದಾ?

ನನ್ನ ವಾದ ಇಷ್ಟೇ. ಇನ್ನೂ ಓದೋಕೆ ಬರದ ಮಗುಗೆ ನಾವು ಜೋರಾಗಿ ಓದಿ ಹೇಳೋ ಮೊದಲ ಪುಸ್ತಕಗಳು ನಗಿಸೋ ಚಿತ್ರಪುಸ್ತಕಗಳೇ ಆಗಿರಬೇಕು. ಅದನ್ನ ಊಟ ಆದ್ಮೇಲೆ ಕೊಡೋ ಐಸ್‌ಕ್ರೀಂ ಥರ ನೋಡೋದು ಬಿಡಿ. ಅದೇ ಊಟ.

"ಬಿಕಾಂ ಓದೋಳಿಗೆ ಇದ್ಯಾಕೆ?" ಅಂತ ಕೇಳೋರಿಗೆ: ಹಬ್ಬಕ್ಕೆ ಊರಿಗೆ ಹೋದಾಗ "ಸ್ವಲ್ಪ ಮಗು ನೋಡ್ಕೋ" ಅಂತ ಕೊಡೋದು ಯಾರ ಕೈಗೆ? ನಮ್ಮ ವಯಸ್ಸಿನೋರ ಕೈಗೇ. ಅಕ್ಕನ ಮಗ, ಮಾವನ ಮಗಳು, ಪಕ್ಕದ್ಮನೆ ಪುಟ್ಟಿ. ಆಗ ನಾವು ಮಾಡೋದೇನು? ಫೋನ್ ಆನ್ ಮಾಡಿ ಕೈಗಿಡ್ತೀವಿ. ಸೋ, ಇದು ನಮ್ಮದೇ ವಿಷಯ.

ಭಾಗ 2/7

ಟೋಪಿ ಮಾರೋನು, ಕೋತಿಗಳು. ಈ ಕಥೆ ಗೊತ್ತಿಲ್ಲದೋರು ಯಾರಿದೀರಿ? ನಮಗೆ ಹೇಳಿದ್ದು ಹೀಗೆ: ಕೋತಿಗಳು ಟೋಪಿ ಕದ್ದವು, ಅವನು ಯೋಚನೆ ಮಾಡಿ ತನ್ನ ಟೋಪಿ ಕೆಳಗೆಸೆದ, ಕೋತಿಗಳೂ ಎಸೆದವು. ನೀತಿ: ಬುದ್ಧಿವಂತನಿಗೆ ಯಾವ ಕಷ್ಟವೂ ಇಲ್ಲ.

ಇದೇ ಕಥೆನ ಎಸ್ಫಿರ್ ಸ್ಲೊಬೊಡ್ಕಿನಾ ಅನ್ನೋರು 1940ರಲ್ಲಿ ಅಮೆರಿಕಾದಲ್ಲಿ 'ಕ್ಯಾಪ್ಸ್ ಫಾರ್ ಸೇಲ್' ಅಂತ ಚಿತ್ರಪುಸ್ತಕ ಮಾಡಿದ್ರು. ಅದರಲ್ಲಿ ಟೋಪಿ ಮಾರೋನು ಬುದ್ಧಿವಂತ ಏನಲ್ಲ. ಬೆರಳು ತೋರಿಸಿ ಬೈತಾನೆ, ಕೋತಿಗಳೂ ಬೆರಳು ತೋರಿಸ್ತವೆ. ಕಾಲು ಅಪ್ಪಳಿಸ್ತಾನೆ, ಅವೂ ಅಪ್ಪಳಿಸ್ತವೆ. ಕೊನೆಗೆ ತಲೆ ಕೆಟ್ಟು, ಕೋಪದಲ್ಲಿ ತನ್ನ ಟೋಪಿ ಕಿತ್ತು ಬಿಸಾಡ್ತಾನೆ. ದಡದಡ ಅಂತ ಎಲ್ಲಾ ಟೋಪಿ ಕೆಳಗೆ! ಅವನು ಪ್ಲಾನ್ ಮಾಡಿದ್ದಲ್ಲ, ತಾನಾಗಿ ಆಗಿದ್ದು.

ಓದಿ ಹೇಳೋವಾಗ ಯಾವುದು ಮಜಾ? ಎರಡನೇದರಲ್ಲಿ ಮಗು ಎದ್ದು ನಿಂತು ಬೆರಳು ಆಡಿಸುತ್ತೆ, ಕಾಲು ಬಡಿಯುತ್ತೆ. ಮಗುನೇ ಕೋತಿ ಆಗುತ್ತೆ. ದೊಡ್ಡೋರೊಬ್ಬರು ಸಿಟ್ಟು ಮಾಡ್ಕೊಂಡು ಪೆಚ್ಚಾಗೋದನ್ನ ನೋಡಿ ಬಿದ್ದು ಬಿದ್ದು ನಗುತ್ತೆ. ದಿನವಿಡೀ ದೊಡ್ಡೋರಿಂದ ಬೈಸ್ಕೊಳ್ಳೋ ಜೀವಕ್ಕೆ ಅದೆಷ್ಟು ದೊಡ್ಡ ಸಮಾಧಾನ ಯೋಚಿಸಿ.

ಮೊದಲನೇದರಲ್ಲಿ ಮಗು ಕೈಕಟ್ಟಿ ಕೂತು 'ನೀತಿ' ಕೇಳಿಸ್ಕೋಬೇಕು. ಕಥೆ ಅದೇ, ಕೋತಿಗಳೂ ಅವೇ. ಕೊನೇ ಸಾಲು ಮಾತ್ರ ನಗುನ ಕೊಂದು ಹಾಕ್ತು.

ಭಾಗ 3/7

"ನಕ್ಕೊಂಡು ಕೂತ್ರೆ ಕಲಿಯೋದ್ಯಾವಾಗ?" ಅಂತ ಕೇಳ್ತಾರೆ. ಕೇಳಲಿ, ಉತ್ತರ ಇದೆ.

1950ರ ದಶಕದಲ್ಲಿ ಅಮೆರಿಕಾದಲ್ಲೂ ಇದೇ ಗೋಳು. ಶಾಲೆಯ ಮೊದಲ ಓದಿನ ಪುಸ್ತಕಗಳು ತುಂಬಾ ಸಪ್ಪೆ ಅಂತ ಜಾನ್ ಹರ್ಸಿ ಅನ್ನೋ ಲೇಖಕರು 1954ರಲ್ಲಿ 'ಲೈಫ್' ಪತ್ರಿಕೇಲಿ ಬರೆದ್ರು. ಆಮೇಲೆ 1957ರಲ್ಲಿ ಬಂತು ಡಾ. ಸೂಸ್ ಅವರ 'ದಿ ಕ್ಯಾಟ್ ಇನ್ ದ ಹ್ಯಾಟ್'. ಬಳಸಿರೋ ಬೇರೆ ಬೇರೆ ಪದಗಳು 236 ಮಾತ್ರ. ಅಮ್ಮ ಇಲ್ಲದಾಗ ಒಂದು ಬೆಕ್ಕು ಬಂದು ಮನೆ ಎಲ್ಲಾ ಚೆಲ್ಲಾಪಿಲ್ಲಿ ಮಾಡೋ ಕಥೆ. ಮೂರು ವರ್ಷ ಬಿಟ್ಟು 50 ಪದಗಳಲ್ಲೇ ಇನ್ನೊಂದು ಬರೆದ್ರು, 'ಗ್ರೀನ್ ಎಗ್ಸ್ ಆಂಡ್ ಹ್ಯಾಮ್'. 50 ಪದ, ಅಷ್ಟೇ! ಮಕ್ಕಳು ಅದನ್ನ ಮತ್ತೆ ಮತ್ತೆ ಓದಿಸ್ಕೊಂಡು, ಆಮೇಲೆ ತಾವೇ ಓದೋಕೆ ಶುರು ಮಾಡಿದ್ರು.

ಇನ್ನೊಂದು ಉದಾಹರಣೆ. ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್', 1968. ಒಂದು ಕೋಳಿ ವಾಕಿಂಗ್ ಹೋಗಿ ಊಟದ ಹೊತ್ತಿಗೆ ಮನೆಗೆ ಬರುತ್ತೆ. ಅಕ್ಷರದಲ್ಲಿ ಇರೋದು ಇಷ್ಟೇ. ಆದ್ರೆ ಚಿತ್ರದಲ್ಲಿ ಅದರ ಹಿಂದೆ ಒಂದು ನರಿ! ಹಾರೋಕೆ ಹೋಗಿ ಕೊಳಕ್ಕೆ ಬೀಳುತ್ತೆ, ಹಿಟ್ಟಿನ ಮೂಟೆ ಮೈಮೇಲೆ ಸುರಿಸ್ಕೊಳ್ಳುತ್ತೆ, ಕೊನೆಗೆ ಜೇನುಹುಳ ಅಟ್ಟಿಸ್ಕೊಂಡು ಹೋಗ್ತವೆ. ನರಿ ಅನ್ನೋ ಪದ ಪುಸ್ತಕದಲ್ಲಿ ಒಂದು ಕಡೆನೂ ಇಲ್ಲ. ನಾವು ಅಕ್ಷರ ಓದ್ತಾ ಇರ್ತೀವಿ, ಮಗು ಚಿತ್ರ ಓದಿ "ನರಿ! ನರಿ!" ಅಂತ ಕಿರುಚುತ್ತೆ. ಓದೋಕೆ ಬರೋ ನಮಗಿಂತ ಓದೋಕೆ ಬರದ ಮಗುಗೆ ಜಾಸ್ತಿ ಗೊತ್ತು! ಆ ಹೆಮ್ಮೆ ಯಾವ ನೀತಿ ಕಥೆ ಕೊಡುತ್ತೆ ಹೇಳಿ.

ಭಾಗ 4/7

ಈಗ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ. ಕನ್ನಡ.

ನಮ್ಮ ಎಷ್ಟೋ ಮನೆಗಳಲ್ಲಿ ಮಗು ಕನ್ನಡದಲ್ಲಿ ಕೇಳಿಸ್ಕೊಳ್ಳೋದು ಏನು? ಹಲ್ಲುಜ್ಜು. ಬೇಗ ತಿನ್ನು. ಮುಟ್ಬೇಡ. ಸುಮ್ನಿರು. ನಗೋದು ಮಾತ್ರ ಇಂಗ್ಲಿಷ್ ಕಾರ್ಟೂನ್ ನೋಡ್ಕೊಂಡು. ಇದರ ಮೇಲೆ ಪುಸ್ತಕನೂ ಕನ್ನಡದಲ್ಲಿ ಬುದ್ಧಿ ಹೇಳೋಕೆ ಶುರು ಮಾಡಿದ್ರೆ ಮಗುಗೆ ಅರ್ಥ ಆಗೋದು ಒಂದೇ: ಬೈಸ್ಕೊಳ್ಳೋಕೆ ಕನ್ನಡ, ಖುಷಿಗೆ ಇಂಗ್ಲಿಷ್. ನವೆಂಬರ್ 1ಕ್ಕೆ ಸ್ಟೇಟಸ್ ಹಾಕೋ ನಾವೆಲ್ಲ ಇದಕ್ಕೆ ಉತ್ತರ ಕೊಡಬೇಕು.

ನಮ್ಮಲ್ಲಿ ನಗು ಇರಲಿಲ್ವಾ? ಪಂಜೆ ಮಂಗೇಶರಾಯರು ಮಕ್ಕಳಿಗೆ ಬರೆದ ಕಥೆ ಹೆಸರು 'ಇಲಿಗಳ ಥಕಥೈ'. ಹೆಸರು ಹೇಳಿದ್ರೇ ನಗು ಬರುತ್ತೆ. ಕುವೆಂಪು ಇಂಗ್ಲಿಷ್ ಕವಿ ಬ್ರೌನಿಂಗ್ ಅವರ ಪದ್ಯದ ಇಲಿಗಳನ್ನ ನಮ್ಮ ಬೊಮ್ಮನಹಳ್ಳಿಗೆ ತಂದು 'ಕಿಂದರಿಜೋಗಿ' ಮಾಡಿದ್ರು. ಕುಡುಕ ರತ್ನನ ಬಾಯಲ್ಲಿ ಪದ ಹಾಡಿಸಿದ ಜಿ.ಪಿ. ರಾಜರತ್ನಂ ಅವರೇ ಮಕ್ಕಳಿಗೆ ನಾಯಿಮರಿ ಪದ್ಯ ಬರೆದಿದ್ದು. ಅಜ್ಜಿಯರ ಕಾಗಕ್ಕ ಗುಬ್ಬಕ್ಕ ಕಥೇಲಿ ಮಳೇಲಿ ನೆನೆದ ಕಾಗಕ್ಕ ಬಾಗಿಲು ಬಡಿದಾಗೆಲ್ಲ ಗುಬ್ಬಕ್ಕ ಹೊಸ ಹೊಸ ನೆಪ ಹೇಳ್ತಾಳೆ. ಈ ದೊಡ್ಡೋರ್ಯಾರಿಗೂ ಮಕ್ಕಳನ್ನ ನಗಿಸೋದು ಸಣ್ಣ ಕೆಲಸ ಅನ್ನಿಸಲಿಲ್ಲ. ಬಿಟ್ಟಿದ್ದು ನಾವು.

ಭಾಗ 5/7

ಕಾಮೆಂಟಲ್ಲಿ ಬರೋ ವಾದಗಳಿಗೆ ಮುಂಚೆನೇ ಉತ್ತರ.

"ಪಂಚತಂತ್ರ ನೀತಿ ಅಲ್ವಾ? ಅದು ನಮ್ಮ ಸಂಸ್ಕೃತಿ." ಹೌದು, ಕನ್ನಡದಲ್ಲೇ ದುರ್ಗಸಿಂಹ 11ನೇ ಶತಮಾನದಲ್ಲಿ ಪಂಚತಂತ್ರ ಬರೆದಿದಾನೆ. ಆದ್ರೆ ಅದರ ಶುರು ನೆನಪಿದ್ಯಾ? ಪಾಠ ತಲೆಗೆ ಹತ್ತದ ರಾಜಕುಮಾರರಿಗೆ ವಿಷ್ಣುಶರ್ಮ ಕಥೆ ಹೇಳೋಕೆ ಹೊರಟಿದ್ದು. ಬರೀ ಉಪದೇಶ ಕೆಲಸ ಮಾಡಲ್ಲ ಅಂತ ಅವರಿಗೇ ಗೊತ್ತಿತ್ತು. ನಾವು ಕಥೆನ ಅರ್ಧ ಪುಟಕ್ಕೆ ಕತ್ತರಿಸಿ ಉಪದೇಶ ಮಾತ್ರ ಇಟ್ಕೊಂಡ್ವಿ. ಅಷ್ಟಕ್ಕೂ ಪಂಚತಂತ್ರ ಕೇಳಿದ್ದು ರಾಜಕುಮಾರರು, ಅಂಗನವಾಡಿ ಮಕ್ಕಳಲ್ಲ.

"ನಗು ಬೇಕಂದ್ರೆ ಫೋನಲ್ಲೇ ಇದೆಯಲ್ಲ." ಇದೆ. ಆದ್ರೆ ವಿಡಿಯೋ ಮಗುಗೋಸ್ಕರ ಕಾಯಲ್ಲ. ಪುಸ್ತಕ ಕಾಯುತ್ತೆ. ಮಗು ನಕ್ಕು ಮುಗಿಸೋ ತನಕ ಪುಟ ತಿರುಗಲ್ಲ. "ಇನ್ನೊಂದ್ಸಲ" ಅಂದ್ರೆ ಹಿಂದಕ್ಕೂ ಬರುತ್ತೆ. ಪಕ್ಕದಲ್ಲಿ ನಗೋಕೆ ಒಬ್ಬ ಮನುಷ್ಯನೂ ಇರ್ತಾನೆ.

"ತುಂಟತನದ ಪುಸ್ತಕ ಓದಿದ್ರೆ ಮಕ್ಕಳು ಹಾಳಾಗ್ತಾರೆ." ಮೋ ವಿಲೆಮ್ಸ್ ಅವರ 2003ರ ಪುಸ್ತಕ ಇದೆ, ಪಾರಿವಾಳಕ್ಕೆ ಬಸ್ ಓಡಿಸೋಕೆ ಬಿಡಬೇಡಿ ಅನ್ನೋದೇ ಅದರ ಹೆಸರು. ಪಾರಿವಾಳ ಗೋಗರೆಯುತ್ತೆ, ಹಠ ಮಾಡುತ್ತೆ. ಪ್ರತಿ ಪುಟಕ್ಕೂ "ಬೇಡ!" ಅನ್ನೋದು ಕೇಳ್ತಿರೋ ಮಗು. ಹಠ ಮಾಡೋರ ಮುಂದೆ ಜವಾಬ್ದಾರಿ ಇರೋರಾಗಿ ನಿಲ್ಲೋದು ಹೇಗೆ ಅಂತ ಮಗು ನಗ್ತಾ ಅಭ್ಯಾಸ ಮಾಡುತ್ತೆ. ಇದಕ್ಕಿಂತ ನೀತಿ ಬೇಕಾ?

ಭಾಗ 6/7

ಸರಿ, ಯಾವ ಪುಸ್ತಕ? ಎಲ್ಲಿ ಸಿಗುತ್ತೆ?

ಶೃಂಗೇರಿ ಶ್ರೀನಿವಾಸನ ಕಥೆಗಳು. ನೋನಿ ಅನ್ನೋ ಹೆಸರಲ್ಲಿ ರೋಹಿಣಿ ನಿಲೇಕಣಿ ಬರೆದಿರೋದು, ಪ್ರಥಮ್ ಬುಕ್ಸ್ ಪ್ರಕಟಣೆ. ಶ್ರೀನಿವಾಸನಿಗೆ ವರ್ಷಕ್ಕೆ ಒಂದೇ ದಿನ ಕಟಿಂಗ್. ಆ ದಿನ ಯಾರನ್ನ ಕೇಳಿದ್ರೂ ಪುರುಸೊತ್ತಿಲ್ಲ. ಮುಂದೆ ಏನಾಗುತ್ತೆ ಅಂತ ನಾನು ಹೇಳಲ್ಲ. ಇನ್ನೊಂದರಲ್ಲಿ ಅವನ ತೋಟದ ಬಾಳೆಹಣ್ಣು ತಿಂದು ತಿಂದು ಎಲ್ಲರಿಗೂ ಸಾಕಾಗಿ ಹೋಗಿರುತ್ತೆ.

'ಗಜಪತಿ ಕುಲಪತಿ'. ಅಶೋಕ್ ರಾಜಗೋಪಾಲನ್ ಬರೆದು ಚಿತ್ರ ಬಿಡಿಸಿದ್ದು, ಚೆನ್ನೈನ ತೂಲಿಕಾ ಪ್ರಕಾಶನ. ಆನೆಗೆ ನೆಗಡಿ. ಆನೆ ಸೀನಿದ್ರೆ ಏನಾಗಬೇಡ? ಆ ಸೀನನ್ನ ನೀವು ನಾಚಿಕೆ ಬಿಟ್ಟು ಸೀನಬೇಕು.

ದುಡ್ಡಿಲ್ವಾ? ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್' ವೆಬ್‌ಸೈಟ್ 2015ರಿಂದ ಇದೆ. ಪೂರ್ತಿ ಫ್ರೀ, ಕನ್ನಡದಲ್ಲಿ ರಾಶಿ ಚಿತ್ರಪುಸ್ತಕ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿದ್ರೂ ತಪ್ಪಲ್ಲ, ಅವರೇ ಒಪ್ಪಿಗೆ ಕೊಟ್ಟಿದಾರೆ. ಹಳ್ಳಿ ಕಡೆ ಇರೋರು ಗ್ರಾಮ ಪಂಚಾಯತಿ ಲೈಬ್ರರಿಗೆ ಒಂದ್ಸಲ ಹೋಗಿ ಮಕ್ಕಳ ಕಪಾಟು ತೆಗೆಸಿ ನೋಡಿ.

ಭಾಗ 7/7

ಓದೋದು ಹೇಗೆ?

ಪುಸ್ತಕದ ಭಾಷೆ ಕಟ್ಟಿಗೆ ಥರ ಇದ್ರೆ ಹಾಗೇ ಓದ್ಬೇಡಿ. 'ಆನೆಯು ಸೀನಿತು' ಅಂದ್ರೆ ಯಾವ ಮಗುನೂ ನಗಲ್ಲ. ನಿಮ್ಮ ಮನೇಲಿ ಹೇಗೆ ಮಾತಾಡ್ತೀರೋ ಹಾಗೆ. ಧಾರವಾಡದೋರು ಧಾರವಾಡದ ಕನ್ನಡದಾಗ, ಹಾಸನದೋರು ಹಾಸನದ ಕನ್ನಡದಲ್ಲಿ.

ಮಜಾ ಇರೋ ಪುಟ ತಿರುಗಿಸೋ ಮುಂಚೆ ನಿಲ್ಲಿಸಿ. ಮಗು ಏನಾಗುತ್ತೆ ಅಂತ ಹೇಳಲಿ, ತಪ್ಪು ಹೇಳಿದ್ರೂ ತಿದ್ದಬೇಡಿ. ಒಂದೇ ಪುಸ್ತಕ ಹತ್ತು ಸಲ ಕೇಳಿದ್ರೆ ಹತ್ತು ಸಲನೂ ಓದಿ. ಮುಂದಿನ ಸಾಲು ಗೊತ್ತಿದೆ ಅನ್ನೋದೇ ಅದಕ್ಕೆ ಖುಷಿ.

ಕೊನೇ ಪುಟ ಆಯ್ತಾ? ಪುಸ್ತಕ ಮುಚ್ಚಿ. "ಇದರಿಂದ ಏನ್ ಕಲಿತೆ ಪುಟ್ಟಾ?" ಅಂತ ಮಾತ್ರ ಕೇಳ್ಬೇಡಿ. ಸಿನಿಮಾ ನೋಡಿ ಥಿಯೇಟರಿಂದ ಹೊರಗೆ ಬಂದಾಗ ನಿಮಗ್ಯಾರಾದ್ರೂ ಹಾಗೆ ಕೇಳಿದ್ರೆ ಮುಂದಿನ ಸಿನಿಮಾಗೆ ಅವರ ಜೊತೆ ಹೋಗ್ತೀರಾ?

ಈ ಭಾನುವಾರ ನಿಮ್ಮ ಮನೇಲಿರೋ, ಇಲ್ಲ ಪಕ್ಕದ್ಮನೆಯ ಒಂದು ಮಗುಗೆ ಒಂದು ಪುಸ್ತಕ ಓದಿ. ಮಗು ಯಾವ ಪುಟದಲ್ಲಿ ನಕ್ತು ಅಂತ ಕೆಳಗೆ ಬರೀರಿ. ಮಗು ಫೋಟೋ ಬೇಡ, ಪುಸ್ತಕದ ಹೆಸರು ಸಾಕು. ನೀತಿ ಕಥೆ ಪರವಾಗಿ ಜಗಳ ಆಡೋರಿಗೂ ಸ್ವಾಗತ, ಆದ್ರೆ ಮೊದಲು ಒಂದು ಮಗು ಮುಂದೆ ಆನೆ ಥರ ಸೀನಿ ಬನ್ನಿ.

#ನೀತಿಬೇಡನಗುಬೇಕು #ಜೋರಾಗಿಓದಿ #ಕನ್ನಡಚಿತ್ರಪುಸ್ತಕ