ಬ್ಲಾಕ್‌ಚೈನ್ ಲೆಕ್ಕ ಬರೆಯುತ್ತದೆ, ಕಾವಲು ಕಾಯುವುದಿಲ್ಲ

ಬ್ಲಾಕ್‌ಚೈನ್ ಇದ್ದರೆ ಮೋಸ ನಡೆಯುವುದೇ ಇಲ್ಲ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ. 2016ರ ಆಗಸ್ಟ್‌ನಲ್ಲಿ ಬಿಟ್‌ಫಿನೆಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದಿಂದ 1,19,754 ಬಿಟ್‌ಕಾಯಿನ್ ಕಳುವಾದವು. ಬ್ಲಾಕ್‌ಚೈನ್ ತಡೆಯಲಿಲ್ಲ. ಡಿಜಿಟಲ್ ಸಹಿ ಸರಿ ಇದ್ದರೆ ಅದು ಕಳ್ಳನ ವ್ಯವಹಾರವನ್ನೂ ಬರೆದುಕೊಳ್ಳುತ್ತದೆ.

ಆದರೆ ಬರೆದದ್ದನ್ನು ಕಳ್ಳ ಅಳಿಸಲಾರ. ಆ ಜಾಡು ಹಿಡಿದು ಅಮೆರಿಕದ ತನಿಖಾಧಿಕಾರಿಗಳು 2022ರ ಫೆಬ್ರುವರಿಯಲ್ಲಿ 94,000ಕ್ಕೂ ಹೆಚ್ಚು ಬಿಟ್‌ಕಾಯಿನ್ ವಶಪಡಿಸಿಕೊಂಡರು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಏಕೆಂದರೆ ದಾಖಲೆಯಲ್ಲಿ ಇರುವುದು ವ್ಯಾಲೆಟ್ ವಿಳಾಸ ಮಾತ್ರ. ಮನುಷ್ಯನ ಹೆಸರನ್ನು ಬೇರೆ ಕಡೆ ಹುಡುಕಬೇಕು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎನ್ನಲಾಗದು ಎಂದು ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಕಲಿತಿದ್ದೇವೆ. ಇಲ್ಲಿಯೂ ಹಾಗೆಯೇ. ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರಿಗೆ ಕಳುಹಿಸಿದ ಮೇಲೆ ಪರಿತಪಿಸುವುದಕ್ಕಿಂತ, ಸ್ನೇಹಿತರೇ, ಕಳುಹಿಸುವ ಮೊದಲೇ ವಿಚಾರಿಸೋಣ.