ವಕ್ತೃಗಳಾಗಿ ಇದ್ದದ್ದು ಸಾಕು

ನಮ್ಮಪ್ಪ ತಮಟೆ ಬಡಿಯುವವನು. ಊರಲ್ಲಿ ಹೆಣ ಬಿದ್ದರೆ ಅವನಿಗೇ ಹೇಳಿಕಳಿಸ್ತಾರೆ. ಮಾರಿಹಬ್ಬಕ್ಕೂ ಅವನೇ ಬೇಕು, ಗುಡಿಯೊಳಕ್ಕೆ ಮಾತ್ರ ಬೇಡ. ನಾನು ಚಿಕ್ಕವನಿದ್ದಾಗ ಮೇಷ್ಟ್ರೊಬ್ಬರು ನಮ್ಮ ಕೇರಿಗೆ ಕ್ಷೇತ್ರಕಾರ್ಯಕ್ಕೆ ಬಂದಿದ್ದರು. ಅಪ್ಪ ಕೂಲಿ ಬಿಟ್ಟು ದಿನವೆಲ್ಲ ಬಡಿದ, ಹಾಡಿದ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಅದು ಪುಸ್ತಕವಾಯಿತು, ಮೇಷ್ಟ್ರು ಡಾಕ್ಟರ್ ಆದರು. ಅಪ್ಪನ ಹೆಸರು ಕೊನೇ ಪುಟದ ವಕ್ತೃಗಳ ಪಟ್ಟಿಯಲ್ಲಿ ಅಚ್ಚಾಯಿತು. ವಯಸ್ಸು, ಜಾತಿ, ಅದರ ಮುಂದೆ 'ಅನಕ್ಷರಸ್ಥ'.

ಆ ಅನಕ್ಷರಸ್ಥನ ಮಗ ನಾನು ಎಂ.ಎ. ಮುಗಿಸಿ, ಸಂಸ್ಕೃತಿ ಮತ್ತು ಅಧಿಕಾರದ ಬಗ್ಗೆ ಸಂಶೋಧನೆ ನಡೆಸುವ ವಿಭಾಗವೊಂದರ ಬಾಗಿಲಿಗೆ ಹೋದೆ. ಬೋರ್ಡಿನ ಮೇಲೆ 'ಅಂತರ್‌ಶಿಸ್ತೀಯ' ಅಂತ ದಪ್ಪಕ್ಷರ. ನನ್ನ ಪ್ರಶ್ನೆ ಸರಳವಾಗಿತ್ತು: ತಮಟೆ ಬಡಿಯೋ ಕೈಗೆ ಎಷ್ಟು ಸೇರು ರಾಗಿ ಅಂತ ಗೊತ್ತುಮಾಡಿದವರು ಯಾರು? ಆ ಸದ್ದು ಯಾವ ಬೀದಿಯಲ್ಲಿ ನಿಲ್ಲಬೇಕು ಅಂತ ಹೇಳುವವರು ಯಾರು? ಇದಕ್ಕೆ ಚರಿತ್ರೆ ಬೇಕು, ಅರ್ಥಶಾಸ್ತ್ರ ಬೇಕು, ಸಂಗೀತವೂ ಬೇಕು. ಸಾರಲೇಖ ಓದಿದ ಹಿರಿಯರು ಕನ್ನಡಕ ತೆಗೆದು ಅಂದರು: "ನಿಮ್ಮೋರ ವಿಷಯ ನೀನೇ ಬರೆದ್ರೆ ವಸ್ತುನಿಷ್ಠತೆ ಎಲ್ಲಿಂದ ಬರುತ್ತಪ್ಪ?"

"ಸಾರ್, ವೇದದ ಮೇಲೆ ಬರೆದ ಶಾಸ್ತ್ರಿಗಳನ್ನ ಈ ಪ್ರಶ್ನೆ ಯಾರಾದ್ರೂ ಕೇಳಿದ್ರಾ?" ಅಂದೆ. ನನಗೆ ಸೀಟು ಸಿಗಲಿಲ್ಲ.

ಗೆಳೆಯರೆ, ಇದು ನನ್ನೊಬ್ಬನ ಗೋಳಲ್ಲ. ಶಿಸ್ತುಗಳ ನಡುವಿನ ಗೋಡೆ ಕೆಡವಿದ್ದೇವೆ ಅಂತ ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸುವವರು ಊರಿಗೂ ಕೇರಿಗೂ ನಡುವಿನ ಗೋಡೆಯನ್ನು ಹಾಗೇ ಬಿಟ್ಟಿದ್ದಾರೆ. ಇವರ ವಿದ್ಯೆಯ ಮೂಲ ಯಾವುದು? 1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತಿ ಅಧ್ಯಯನ ಕೇಂದ್ರ ಕಟ್ಟಿದ ರಿಚರ್ಡ್ ಹೊಗಾರ್ಟ್ ಲೀಡ್ಸ್ ನಗರದ ಕೂಲಿಕಾರರ ಬೀದಿಯಲ್ಲಿ ಅಜ್ಜಿ ಸಾಕಿದ ತಬ್ಬಲಿ, ವಿದ್ಯಾರ್ಥಿವೇತನದ ಮೇಲೆ ಓದಿದವನು. ಅವನ ನಂತರ ಅದನ್ನು ನಡೆಸಿದ ಸ್ಟುವರ್ಟ್ ಹಾಲ್ ಜಮೈಕಾದಿಂದ ಬಂದ ಕರಿಯ. ಕೂಲಿಕಾರರ ಹಾಡು, ಪೇಪರು, ಹುಡುಗರ ಉಡುಪು, ಕರಿಯರ ಮೇಲಿನ ಪೊಲೀಸರ ಕಣ್ಣು, ಇವೆಲ್ಲ ಅಲ್ಲಿ ಪಾಠವಾದವು. 2002ರಲ್ಲಿ ಆ ವಿಶ್ವವಿದ್ಯಾನಿಲಯವೇ ಆ ವಿಭಾಗಕ್ಕೆ ಬೀಗ ಹಾಕಿತು. ನಮ್ಮ ಪಂಡಿತರು ಅವರ ಹೆಸರು ಜಪಿಸ್ತಾರೆ, ಅಂಥದೇ ಬೀದಿಯಿಂದ ಬಂದ ಹುಡುಗನನ್ನ ಹೊರಗೆ ನಿಲ್ಲಿಸ್ತಾರೆ.

ಅದಕ್ಕೂ ಅರ್ಧ ಶತಮಾನ ಹಿಂದಿನ ಮಾತು ಕೇಳಿ. 1916ರ ಮೇ 9. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅರ್ಥಶಾಸ್ತ್ರ ಓದಲು ಹೋಗಿದ್ದ 25ರ ಹುಡುಗ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಎದ್ದುನಿಂತು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ. ಜಾತಿ ಅಂದರೆ ಬಾಗಿಲು ಮುಚ್ಚಿಕೊಂಡ ವರ್ಗ. ಸ್ವಜಾತಿ ವಿವಾಹವೇ ಅದರ ಬೀಗ. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಆ ಬೀಗ ಕಾಯುವ ಉಪಾಯಗಳು. ನಾವು 'ಸಂಸ್ಕೃತಿ' ಅಂತ ಕೈಮುಗಿದದ್ದರ ಒಳಗಿನ ಅಧಿಕಾರವನ್ನು ಹೀಗೆ ಬಿಚ್ಚಿಟ್ಟವರು ಬಾಬಾಸಾಹೇಬರು. ಅಂತರ್‌ಶಿಸ್ತೀಯ ಅಂದರೆ ಇದು!

ಈಗ 2022ಕ್ಕೆ ಬನ್ನಿ. ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೂಲಿಕಾರರ ಮಕ್ಕಳಿಗೆ ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಹೊಸ ನಿಯಮ ಬಂತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಓದುವುದಾದರೆ ಕಾಸಿಲ್ಲ! ಯಾಕೆ ಸ್ವಾಮಿ ಅಂದರೆ, ಅದಕ್ಕೆ ಹೊರಗೆ ಹೋಗುವ ಅಗತ್ಯವಿಲ್ಲ, ಇಲ್ಲೇ ಓದಬಹುದು ಅನ್ನುವ ಸಮಜಾಯಿಷಿ. ಇಲ್ಲಿ ನೋಡಿದರೆ 'ವಸ್ತುನಿಷ್ಠತೆ' ಬಾಗಿಲಲ್ಲಿ ಕೂತಿದೆ. ಅಲ್ಲಿಗೂ ಹೋಗಬೇಡ, ಇಲ್ಲಿಗೂ ಬರಬೇಡ! ಆ ನಿಯಮ 1916ರಲ್ಲಿ ಇದ್ದಿದ್ದರೆ, ಆ ಪ್ರಬಂಧದ ವಿಷಯ ಹೇಳಿ ಅರ್ಜಿ ಹಾಕಿದ ಹುಡುಗನಿಗೆ ಹಡಗಿನ ಟಿಕೀಟೂ ಹುಟ್ಟುತ್ತಿರಲಿಲ್ಲ.

ಯಾಕಿಷ್ಟು ಭಯ? ನಾವು ಇಂಜಿನಿಯರಾದರೆ ಅವರ ಸೇತುವೆ ಕಟ್ಟಿಕೊಡ್ತೀವಿ. ಸಂಸ್ಕೃತಿ ಓದಿದರೆ ಅವರ ಅಡಿಪಾಯ ಅಗೀತೀವಿ. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಏನಾಯಿತು? ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿಗಿರಿ ಹೋಯಿತು. ದಲಿತನೊಬ್ಬ ಸಾಹಿತ್ಯ ಓದಿ ತೀರ್ಪು ಹೇಳಿದ್ದೇ ಅವರಿಗೆ ಸಹಿಸಲಿಲ್ಲ. ಆ ಕಿಚ್ಚಿನಿಂದಲೇ ನಮ್ಮ ಚಳವಳಿ ಎದ್ದಿತು.

"ಬೀದಿಯೇ ನಮ್ಮ ವಿಶ್ವವಿದ್ಯಾನಿಲಯ, ಪಿಎಚ್.ಡಿ. ಯಾಕಯ್ಯ" ಅನ್ನುವ ಸಂಗಾತಿಗಳೂ ಇದ್ದಾರೆ. ಅಣ್ಣಂದಿರೆ, ಬೀದಿ ಬಿಡೋಣ ಅಂತ ನಾನು ಹೇಳ್ತಿಲ್ಲ. ಆದರೆ ನಾಳೆ ನಮ್ಮ ಮಕ್ಕಳು ಓದುವ ಪಾಠ ಬರೆಯುವವರು ಆ ಕಟ್ಟಡದಲ್ಲಿ ಕೂತಿದ್ದಾರೆ. ನಮ್ಮ ಬಗ್ಗೆ ಅವರೇ ಬರೀತಾ ಹೋದರೆ ನಮ್ಮ ಸಿಟ್ಟು ಕೂಡ 'ಜಾನಪದ' ಆಗಿಬಿಡುತ್ತೆ.

ಅದಕ್ಕೇ ಹಳ್ಳಿ ಮೇಷ್ಟ್ರುಗಳೆ, ನಿಮ್ಮ ಶಾಲೆಯ ಕೇರಿ ಮಕ್ಕಳ ಕೈಯಲ್ಲಿ ಅಜ್ಜಿಯ ಮಾತು ಬರೆಸಿ, ಅಜ್ಜಿಯ ಹೆಸರನ್ನು ಮೊದಲ ಪುಟದಲ್ಲಿ ಹಾಕಿಸಿ. ವಿದ್ಯಾರ್ಥಿಗಳೆ, ಸೀಟು ಕೊಡದವರಿಂದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಸಂಘಟನೆಗಳೆ, ಆ ವಿದ್ಯಾರ್ಥಿವೇತನದ ನಿಯಮವನ್ನು ನಿಮ್ಮ ಬೇಡಿಕೆ ಪಟ್ಟಿಗೆ ಸೇರಿಸಿ. ನಾನಂತೂ ಈ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಅದೇ ವಿಭಾಗಕ್ಕೆ, ಅದೇ ವಿಷಯ. ಅಪ್ಪ ತಮಟೆ ಕಾಯಿಸ್ತಾ ಕೂತಿದ್ದಾನೆ.