ಸ್ಪ್ರಿಂಗ್ ಕತ್ತರಿಸಿದರೆ ಸೆಡಾನ್ ಸ್ಪೋರ್ಟ್ಸ್ ಕಾರ್ ಆಗುತ್ತದೆಯೇ?

"ಶೋರೂಮ್‌ನವರು ಹೇಳದ ಗುಟ್ಟು: ಸ್ಪ್ರಿಂಗ್‌ನ ಒಂದೇ ಒಂದು ಸುತ್ತು ಕತ್ತರಿಸಿ, ನಿಮ್ಮ ಕಾರು ರೇಸ್ ಕಾರಿನಂತೆ ತಿರುಗುತ್ತದೆ." "ಈ ರಬ್ಬರ್ ಬಫರ್ ಹಾಕಿ, ಹಂಪ್ ಬಂದದ್ದೇ ಗೊತ್ತಾಗುವುದಿಲ್ಲ." "ಕಂಪನಿ ಸ್ಪೀಕರ್ ಬಿಸಾಡಿ, 1500 ವಾಟ್ ಆಂಪ್ಲಿಫೈಯರ್ ಹಾಕಿ."

ಕಾರಿನ ಹುಚ್ಚು ಇರುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ವೀಡಿಯೊಗಳಿಗೆ ಬರವಿಲ್ಲ. ನಮಗೂ ಫಾರ್ವರ್ಡ್ ಆಗುತ್ತಲೇ ಇರುತ್ತವೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಜೇಬಿಗೆ ಕತ್ತರಿ ಬೀಳುವುದು ಒಂದು ಕಡೆಯಾದರೆ, ಘಾಟಿ ರಸ್ತೆಯ ತಿರುವಿನಲ್ಲಿ ಚಕ್ರ ನೆಲ ಬಿಡುವುದು ಇನ್ನೊಂದು ಕಡೆ. ಹಾಗಾಗಿ ಇದರ ಹಿಂದಿನ ವಿಜ್ಞಾನವನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಮೊದಲು ಹೋಲಿಕೆಯ ಮಾತು. ನಮ್ಮ ದೇಶದಲ್ಲಿ 'ಸ್ಪೋರ್ಟಿ ಸೆಡಾನ್' ಎಂದಾಗ ಹೆಚ್ಚಾಗಿ ಕೇಳಿಬರುವ ಹೆಸರುಗಳು ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ, ಹ್ಯುಂಡೈ ವೆರ್ನಾ ಟರ್ಬೊ ಮತ್ತು ಹೋಂಡಾ ಸಿಟಿ. 2022ರಲ್ಲಿ ಬಂದ ವರ್ಟಸ್ ಮತ್ತು ಸ್ಲಾವಿಯಾಗಳ 1.5 ಲೀಟರ್ ಟರ್ಬೊ ಎಂಜಿನ್ 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಹೊಸ ವೆರ್ನಾದ ಟರ್ಬೊ ಎಂಜಿನ್ 160 ಪಿಎಸ್, 253 ನ್ಯೂಟನ್ ಮೀಟರ್. ಟರ್ಬೊ ಇಲ್ಲದ ಸಿಟಿಯ ಪೆಟ್ರೋಲ್ ಎಂಜಿನ್ 121 ಪಿಎಸ್, 145 ನ್ಯೂಟನ್ ಮೀಟರ್.

ಜಗಳವೆಲ್ಲ 150 ದೊಡ್ಡದೋ 160 ದೊಡ್ಡದೋ ಎಂಬುದರ ಮೇಲೆ. ಆದರೆ ಓಡಿಸುವಾಗ ಅನುಭವಕ್ಕೆ ಬರುವ ವ್ಯತ್ಯಾಸ ಬೇರೆಡೆ ಇದೆ. ಟರ್ಬೊ ಎಂಜಿನ್‌ಗಳ ಗರಿಷ್ಠ ಟಾರ್ಕ್ ಸುಮಾರು 1500–1600 ಆರ್‌ಪಿಎಂನಲ್ಲೇ ಸಿಗಲು ಶುರುವಾಗಿ 3500ರವರೆಗೆ ಇರುತ್ತದೆ. ಸಿಟಿಯದು 4300ಕ್ಕೆ ಏರಿದ ಮೇಲೆ. ಲಾರಿಯ ಹಿಂದೆ ಸಿಕ್ಕಿಕೊಂಡು, ಎದುರು ರಸ್ತೆ ಖಾಲಿ ಕಂಡಾಗ ಥಟ್ಟನೆ ಮುನ್ನುಗ್ಗಬೇಕಾದಲ್ಲಿ ಇದು ಗೊತ್ತಾಗುತ್ತದೆ. ವರ್ಟಸ್ ಮತ್ತು ಸ್ಲಾವಿಯಾಗಳ ಬಗ್ಗೆ ನಡೆಯುವ ವಾಗ್ವಾದವಂತೂ ತಮಾಷೆಯದು: ಎರಡಕ್ಕೂ ಅಡಿಪಾಯ ಒಂದೇ, ಎಂಜಿನ್ ಒಂದೇ, ತಯಾರಾಗುವುದು ಪುಣೆ ಬಳಿಯ ಚಾಕಣದಲ್ಲೇ. ಅಣ್ಣ ತಮ್ಮಂದಿರಲ್ಲಿ ಯಾರು ಎತ್ತರ ಎಂದು ಅಳೆದಂತೆ.

ಇನ್ನೊಂದು ಸಂಗತಿ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಈ ನಾಲ್ಕೂ ಕಾರುಗಳ ಸಸ್ಪೆನ್ಷನ್‌ನ ಮೂಲ ವಿನ್ಯಾಸ ಒಂದೇ ಬಗೆಯದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್. ಒಂದು ಮೆತ್ತಗೆ, ಇನ್ನೊಂದು ಬಿಗಿ ಅನ್ನಿಸುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್, ಟೈರ್‌ಗಳನ್ನು ಕಂಪನಿಯವರು ಹೇಗೆ ಹೊಂದಿಸಿದ್ದಾರೆ ಎಂಬುದರಿಂದ. ಈ ಹೊಂದಾಣಿಕೆಯನ್ನು ನೆನಪಿಟ್ಟುಕೊಳ್ಳಿ. ಸ್ಪ್ರಿಂಗ್ ಕತ್ತರಿಸಿದಾಗ ಮೊದಲು ಕೆಡುವುದು ಅದೇ.

ಒಂದು ಸುತ್ತು ಕತ್ತರಿಸಿದರೆ ಏನಾಗುತ್ತದೆ?

ಸ್ಪ್ರಿಂಗ್‌ನ ಕೆಲಸ ಕಾರಿನ ಭಾರ ಹೊರುವುದು, ಚಕ್ರ ಮೇಲೆ ಕೆಳಗೆ ಆಡಲು ಬಿಡುವುದು. ಶಾಕ್ ಅಬ್ಸಾರ್ಬರ್‌ನ ಕೆಲಸ ಆ ಆಟವನ್ನು ಬೇಗ ನಿಲ್ಲಿಸುವುದು. ಅಲುಗಾಟದ ಶಕ್ತಿಯನ್ನು ಅದು ಒಳಗಿನ ಎಣ್ಣೆಯಲ್ಲಿ ಶಾಖವಾಗಿ ಕರಗಿಸುತ್ತದೆ. ಹೆಸರಿಗೆ 'ಶಾಕ್ ಅಬ್ಸಾರ್ಬರ್' ಆದರೂ ಹೊಡೆತವನ್ನು ಮೊದಲು ನುಂಗುವುದು ಟೈರ್ ಮತ್ತು ಸ್ಪ್ರಿಂಗ್.

ಆರು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಐದು ಸುತ್ತು ಮೊದಲಿಗಿಂತ ಶೇ. 20ರಷ್ಟು ಗಡಸಾಗುತ್ತದೆ. ಸ್ಪ್ರಿಂಗ್‌ನ ಗಡಸುತನ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುವುದರಿಂದ ಈ ಲೆಕ್ಕ. ಕಾರು ತಗ್ಗುತ್ತದೆ, ಬಿಗಿಯೂ ಆಗುತ್ತದೆ. ಮೊದಲ ದಿನ ಓಡಿಸಿದವರಿಗೆ "ಆಹಾ, ಏನು ಹಿಡಿತ!" ಅನ್ನಿಸುವುದು ಸುಳ್ಳಲ್ಲ.

ತೊಂದರೆ ಬರುವುದು ಗುಂಡಿಯಲ್ಲಿ. ಚಕ್ರ ಮೇಲೇರಲು 80 ಮಿಲಿಮೀಟರ್ ಜಾಗ ಇತ್ತು ಎಂದುಕೊಳ್ಳಿ. ಕಾರು 40 ಮಿಲಿಮೀಟರ್ ತಗ್ಗಿದರೆ ಉಳಿಯುವುದು ಅರ್ಧ ಜಾಗ. ಸ್ಪ್ರಿಂಗ್ ನುಂಗುವ ಶಕ್ತಿ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅಂದರೆ ಅರ್ಧ ಜಾಗದಲ್ಲಿ ಅದೇ ಹೊಡೆತವನ್ನು ನುಂಗಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಡಸಾಗಿರಬೇಕು. ಸುತ್ತು ಕತ್ತರಿಸಿದ್ದರಿಂದ ಸಿಕ್ಕದ್ದು ಶೇ. 20 ಮಾತ್ರ. ಉಳಿದ ಹೊಡೆತವೆಲ್ಲ ಬಂಪ್ ಸ್ಟಾಪ್ ಎಂಬ ಸಣ್ಣ ರಬ್ಬರ್ ತುಂಡಿನ ಮೇಲೆ, ಅಲ್ಲಿಂದ ಸ್ಟ್ರಟ್ ಮೌಂಟಿಂಗ್‌ಗೆ, ಅಲ್ಲಿಂದ ನಿಮ್ಮ ಬೆನ್ನುಮೂಳೆಗೆ. ತಿರುವಿನ ಮಧ್ಯದಲ್ಲಿ ಬಂಪ್ ಸ್ಟಾಪ್ ತಾಗಿದರೆ ಆ ಮೂಲೆ ಒಮ್ಮೆಲೇ ಕಲ್ಲಿನಂತಾಗುತ್ತದೆ, ಚಕ್ರ ಕುಪ್ಪಳಿಸುತ್ತದೆ, ಹಿಡಿತ ತಪ್ಪುತ್ತದೆ. ಬಿಗಿಯಾದ ಸ್ಪ್ರಿಂಗ್‌ನ ಕುಣಿತವನ್ನು ಹಳೆಯ ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸಲಾರದು ಎಂಬುದೂ ಇದರ ಜೊತೆಗೆ ಸೇರುತ್ತದೆ.

ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರೆ ಇನ್ನೂ ಕೆಟ್ಟದ್ದು. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬರುವುದು ಹದವಾಗಿ ಕಾಯಿಸಿ ತಣಿಸಿದ್ದರಿಂದ. ಕಟರ್‌ನ ಬೆಂಕಿ ಆ ಹದವನ್ನು ಕೆಡಿಸುತ್ತದೆ. ಜೊತೆಗೆ ಸ್ಪ್ರಿಂಗ್‌ನ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವಂತೆ ರೂಪಿಸಿರುತ್ತಾರೆ. ಕತ್ತರಿಸಿದ ತುದಿಗೆ ಆ ಆಕಾರ ಇರುವುದಿಲ್ಲ. ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು.

ಇಷ್ಟೆಲ್ಲ ಮಾಡಿ ಸಿಗುವ ಲಾಭವಾದರೂ ಎಷ್ಟು? ಸೆಡಾನ್‌ನ ಗುರುತ್ವಕೇಂದ್ರ ನೆಲದಿಂದ ಸುಮಾರು 55 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಕಾರನ್ನು 3 ಸೆಂಟಿಮೀಟರ್ ತಗ್ಗಿಸಿದರೆ, ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗಾವಣೆಯಾಗುವ ಭಾರ ಶೇ. 5ರಿಂದ 6ರಷ್ಟು ಕಡಿಮೆಯಾಗುತ್ತದೆ. ಅದೇ ತಿರುವನ್ನು 80ರ ಬದಲು 77 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಶೇ. 7ರಷ್ಟು ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲಿಸಲು ಖರ್ಚೇನೂ ಇಲ್ಲ.

ನಮ್ಮ ರಸ್ತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪ್‌ನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಊರ ಬಾಗಿಲಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಈ ಮಾನದಂಡದ ಪರಿಚಯವಿಲ್ಲ. ವರ್ಟಸ್, ಸ್ಲಾವಿಯಾಗಳ ಗ್ರೌಂಡ್ ಕ್ಲಿಯರೆನ್ಸ್ 179 ಮಿಲಿಮೀಟರ್ ಎಂದು ಹೇಳುವುದು ಖಾಲಿ ಕಾರಿಗೆ. ಐದು ಜನ, ಮದುವೆಮನೆಯ ಲಗೇಜ್ ತುಂಬಿದರೆ ಅದೇ ಎಷ್ಟೋ ಇಳಿಯುತ್ತದೆ. ಅದರಲ್ಲಿ ಇನ್ನೂ 40 ಕಳೆದರೆ ಹಂಪ್ ಸವರುವುದು ಎಂಜಿನ್‌ನ ತಳವನ್ನು.

ರಬ್ಬರ್ ಬಫರ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ಸ್ಪ್ರಿಂಗ್‌ನ ಸುತ್ತುಗಳ ನಡುವೆ ತುರುಕುವ ಈ ತುಂಡು ಒಂದು ಸುತ್ತಿನ ಆಟವನ್ನು ಕಟ್ಟಿಹಾಕುತ್ತದೆ. ಕಾರು ಸ್ವಲ್ಪ ಏರಿದಂತೆ ಕಾಣುತ್ತದೆ, ತುಂಬಿದ ಕಾರಿನ ಹಿಂಭಾಗ ಕುಸಿಯುವುದೂ ಕಡಿಮೆಯಾಗುತ್ತದೆ, ಅಷ್ಟು ನಿಜ. ಆದರೆ ಸ್ಪ್ರಿಂಗ್ ಗಡಸಾಗಿರುವಾಗ ಹಂಪ್‌ನ ಹೊಡೆತ ಕಡಿಮೆಯಾಗುವುದು ಹೇಗೆ? ಆಗುವುದಿಲ್ಲ. ಹಿಂದಿನ ಸ್ಪ್ರಿಂಗ್ ತಳ ಕಚ್ಚುತ್ತಿದ್ದ ಹಳೆಯ ಕಾರಿಗೆ ಇದನ್ನು ಹಾಕಿಸಿದವರಿಗೆ ಸುಧಾರಿಸಿದಂತೆ ಅನ್ನಿಸುತ್ತದೆ. ಅಂಥವರಿಗೆ ಬೇಕಿರುವುದು ಹೊಸ ಸ್ಪ್ರಿಂಗ್.

ಹಾಗಾದರೆ ಬಿಗಿ ಬೇಕೆನ್ನುವವರು ಏನು ಮಾಡಬೇಕು? ನಮ್ಮ ಉತ್ತರ ಕೇಳಲು ನೀರಸ: ಮೊದಲು ಟೈರ್. ಕಾರು ರಸ್ತೆಯನ್ನು ಮುಟ್ಟುವುದು ಅಂಗೈ ಅಗಲದ ನಾಲ್ಕು ಜಾಗದಲ್ಲಿ ಮಾತ್ರ. ಒಳ್ಳೆಯ ಟೈರ್, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿ, ಸರಿಯಾದ ವೀಲ್ ಅಲೈನ್‌ಮೆಂಟ್ ಮಾಡುವಷ್ಟನ್ನು ಯಾವ ಸ್ಪ್ರಿಂಗೂ ಮಾಡಲಾರದು. ಎರಡನೆಯದು, ಬಹಳ ಓಡಿದ ಕಾರಾದರೆ ಸವೆದ ಬುಷ್ ಮತ್ತು ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್ ಬದಲಿಸುವುದು. "ಕಾರು ಹೊಸದರಂತೆ ಆಯಿತು" ಎಂದು ಹೇಳುವವರಲ್ಲಿ ಅನೇಕರು ಮಾಡಿಸಿರುವುದು ಇಷ್ಟೇ. ಇದಾದ ಮೇಲೂ ಆಸೆ ಉಳಿದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದಕ್ಕೊಂದು ಹೊಂದುವಂತೆ ತಯಾರಿಸಿದ, ಅದೇ ಕಾರಿಗೆಂದೇ ಬಂದ ಜೋಡಿಯನ್ನು ಹಾಕಿಸಬೇಕು. ವೆರ್ನಾ, ಸಿಟಿಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಎದುರಿನ ವಾಹನವನ್ನು ಗುರುತಿಸುವ ಎಡಾಸ್ ವ್ಯವಸ್ಥೆ ಇದೆ. ಕಾರಿನ ಎತ್ತರ ಬದಲಾದರೆ ಅದರ ನೋಟದ ಕೋನವೂ ಬದಲಾಗುತ್ತದೆ, ಹೆಡ್‌ಲೈಟ್‌ನ ಕೋನವೂ.

ದೊಡ್ಡ ಅಲಾಯ್ ಬಗ್ಗೆ ಒಂದು ಮಾತು. 205/55 ಆರ್16 ಟೈರ್‌ನ ಪಕ್ಕದ ಗೋಡೆಯ ಎತ್ತರ ಸುಮಾರು 113 ಮಿಲಿಮೀಟರ್. 215/45 ಆರ್17ರದ್ದು 97. ಫೋಟೊದಲ್ಲಿ ಚೆಂದ. ಗುಂಡಿಗೂ ರಿಮ್‌ಗೂ ನಡುವೆ ಇದ್ದ ಗಾಳಿಯ ದಿಂಬಿನಲ್ಲಿ ಮಾತ್ರ 16 ಮಿಲಿಮೀಟರ್ ಕಡಿಮೆ.

ಡಬ್ಬದ ಮೇಲಿನ ವಾಟ್ ಎಷ್ಟು ನಿಜ?

ಬಿಗಿ ಸಸ್ಪೆನ್ಷನ್, ತೆಳು ಟೈರ್ ಹಾಕಿದ ಕಾರಿನೊಳಗೆ ರಸ್ತೆಯ ಸದ್ದು ಹೆಚ್ಚುತ್ತದೆ. ಆ ಸದ್ದನ್ನು ಮುಚ್ಚಲು ಹಾಡಿನ ಸದ್ದು ಹೆಚ್ಚಿಸುತ್ತೇವೆ. ಅದೂ ಸಾಲದೆ ಬಂದಾಗ ಆಕ್ಸೆಸರೀಸ್ ಅಂಗಡಿಗೆ ಹೋಗುತ್ತೇವೆ. ಒಂದು ಖರ್ಚು ಇನ್ನೊಂದನ್ನು ಎಳೆದು ತರುವುದು ಹೀಗೆ.

ಅಂಗಡಿಯಲ್ಲಿ ವಾಟ್ ನೋಡಬೇಡಿ, ಫ್ಯೂಸ್ ನೋಡಿ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14. ಆಂಪ್ಲಿಫೈಯರ್ ಮೇಲೆ 30 ಆಂಪಿಯರ್ ಫ್ಯೂಸ್ ಇದ್ದರೆ ಅದು ನಿರಂತರವಾಗಿ ಎಳೆಯಬಲ್ಲ ವಿದ್ಯುತ್ ಹೆಚ್ಚೆಂದರೆ 14×30, ಅಂದರೆ 420 ವಾಟ್. ಅದರಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಡಬ್ಬದ ಮೇಲೆ 1500 ಎಂದು ಬರೆದಿದ್ದರೆ ಅದು ಕ್ಷಣಮಾತ್ರದ ಗರಿಷ್ಠವೋ ಬರೀ ಬಣ್ಣದ ಮಾತೋ ಇರಬೇಕು. ನಂಬಬೇಕಾದದ್ದು 'ಆರ್‌ಎಂಎಸ್' ಎಂದು ಬರೆದ ಅಂಕಿಯನ್ನು. ಬೇರೆ ಆಂಪ್ಲಿಫೈಯರ್ ಇಲ್ಲದ ಸ್ಟೀರಿಯೊಗಳ '4×50 ವಾಟ್' ಕೂಡ ಇದೇ ಜಾತಿಯದು. 14.4 ವೋಲ್ಟ್‌ನಿಂದ 4 ಓಮ್ ಸ್ಪೀಕರ್‌ಗೆ ಸಿಗಬಲ್ಲ ಶುದ್ಧ ಸದ್ದಿನ ಮಿತಿಯೇ ಒಂದು ಚಾನೆಲ್‌ಗೆ ಸುಮಾರು 26 ವಾಟ್.

ವಾಟ್ ಹೆಚ್ಚಿದಷ್ಟೇ ಸದ್ದೂ ಹೆಚ್ಚುತ್ತದೆ ಎಂಬುದೂ ತಪ್ಪು. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರ್ ಡಬ್ಬದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ 'ಸೆನ್ಸಿಟಿವಿಟಿ' ಹೆಚ್ಚು ಉಪಯೋಗದ ಅಂಕಿ. 87 ಡೆಸಿಬೆಲ್‌ನ ಸ್ಪೀಕರ್ ಬದಲು 92ರದ್ದನ್ನು ಹಾಕಿದರೆ, ಆಂಪ್ಲಿಫೈಯರ್ ಮುಟ್ಟದೆಯೇ ಮೂರು ಪಟ್ಟು ಶಕ್ತಿ ಕೊಟ್ಟಂತಾಯಿತು.

ಇನ್ನೂ ಅಗ್ಗದ ದಾರಿ ಬಾಗಿಲಲ್ಲೇ ಇದೆ. ಸ್ಪೀಕರ್‌ನ ಹಾಳೆ ಮುಂದೆ ತಳ್ಳಿದಾಗ ಹಿಂದೆ ಎಳೆಯುತ್ತದೆ. ಹಿಂದಿನ ಅಲೆ ಬಾಗಿಲ ತೂತುಗಳಿಂದ ಮುಂದಕ್ಕೆ ನುಸುಳಿದರೆ ಮುಂದಿನ ಅಲೆಯನ್ನು ಅಳಿಸುತ್ತದೆ, ಮೊದಲು ಹೋಗುವುದು ಬೇಸ್. ಬಾಗಿಲ ತಗಡು ತಾನೂ ತಮಟೆಯಂತೆ ಬಡಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ಹಾಳೆ ಅಂಟಿಸಿದರೆ ತಗಡಿನ ಕಂಪನ ಅಡಗುತ್ತದೆ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್‌ಗೆ ಮಾಡುವ ಕೆಲಸವನ್ನೇ ಇದು ತಗಡಿಗೆ ಮಾಡುತ್ತದೆ. ರಸ್ತೆಯ ಸದ್ದೂ ತುಸು ತಗ್ಗುತ್ತದೆ. ಒಂದೇ ಎಚ್ಚರ: ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್‌ಗೆ ಸೂಚನೆ ಕೊಡುವ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಬಾಗಿಲಲ್ಲಿ ಹೊಸ ತೂತು ಕೊರೆಯುವ, ಇರುವುದನ್ನು ಮುಚ್ಚುವ ಮುನ್ನ ನಿಮ್ಮ ಕಾರಿನದ್ದು ಹೇಗಿದೆ ಎಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಳ್ಳಿ. ನೀರು ಇಳಿಯುವ ತಳದ ತೂತುಗಳನ್ನಂತೂ ಮುಚ್ಚಲೇಬಾರದು, ಬಾಗಿಲು ತುಕ್ಕು ಹಿಡಿಯುತ್ತದೆ.

ಆಂಪ್ಲಿಫೈಯರ್ ಹಾಕಿಸಿಯೇ ತೀರುವವರು ಬ್ಯಾಟರಿಯಿಂದ ಬರುವ ಮುಖ್ಯ ವೈರಿನ ಫ್ಯೂಸ್ ಎಲ್ಲಿದೆ ಎಂದು ಕಣ್ಣಾರೆ ನೋಡಿ. ಅದು ಬ್ಯಾಟರಿಯ ಹತ್ತಿರ, ಒಂದೂವರೆ ಅಡಿಯೊಳಗೆ ಇರಬೇಕು. ಡಿಕ್ಕಿಯಲ್ಲಿರುವ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ಮಧ್ಯೆ ವೈರ್ ಸವೆದು ಬಾಡಿಗೆ ತಾಗಿದರೆ ಕಾರಿಗೆ ಬೆಂಕಿ ಹತ್ತುವುದನ್ನು ತಡೆಯಲಾರದು. ಸಬ್‌ವೂಫರ್ ಪೆಟ್ಟಿಗೆಯನ್ನೂ ಬೋಲ್ಟ್ ಹಾಕಿ ಬಿಗಿಸಬೇಕು.

ಕಿವಿಯ ಲೆಕ್ಕ ಬೇರೆಯೇ ಇದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ: 91ಕ್ಕೆ 2 ಗಂಟೆ, 100ಕ್ಕೆ 15 ನಿಮಿಷ. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿ ಬರಲು 2 ಗಂಟೆ ಹಿಡಿಯುವವರಿಗೆ 91 ಡೆಸಿಬೆಲ್ ಎಂದರೆ ದಿನದ ಕೋಟಾ ಕಾರಿನಲ್ಲೇ ಮುಗಿಯಿತು. ಒಳಕಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕಾನೂನಿನ ವಿಷಯದಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳಿವೆ: "ಏನು ಬದಲಿಸಿದರೂ ಜೈಲು" ಮತ್ತು "ಸಸ್ಪೆನ್ಷನ್ ಆರ್‌ಸಿಯಲ್ಲಿ ಇಲ್ಲ, ಏನು ಬೇಕಾದರೂ ಮಾಡಿ." ಎರಡೂ ಅತಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುವುದು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಸ್ಪೀಕರ್ ಬದಲಿಸಿದವರು ಇದಕ್ಕೆ ಹೆದರಬೇಕಿಲ್ಲ. ಸ್ಪ್ರಿಂಗ್ ಬದಲಿಸುವವರು ಇನ್ಶೂರೆನ್ಸ್ ಕಂಪನಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅಪಘಾತವಾದ ಮೇಲೆ ಸರ್ವೇಯರ್ ಕಾರಿನ ಅಡಿ ನೋಡಿಯೇ ನೋಡುತ್ತಾರೆ.

ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಳ್ಳುವವರು ನೀವಾಗಿದ್ದರೆ, ಆ ಸರ್ವೇಯರ್ ಮಾಡುವ ಕೆಲಸವನ್ನು ಹಣ ಕೊಡುವ ಮುಂಚೆಯೇ ಮಾಡಿ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಹಿಂದೆ ಸ್ಪ್ರಿಂಗ್‌ನ ಕೊನೆಯ ಸುತ್ತನ್ನು ನೋಡಿ. ತುದಿ ಸೀಟಿನ ತೋಡಿನಲ್ಲಿ ನೀಟಾಗಿ ಕೂತಿರಬೇಕು, ಬಣ್ಣ ತುದಿಯವರೆಗೂ ಒಂದೇ ಸಮನಾಗಿರಬೇಕು. ತುದಿ ಚೂಪಾಗಿ ಕತ್ತರಿಸಿದಂತಿದ್ದರೆ, ಬಣ್ಣ ಸುಟ್ಟು ಅಲ್ಲಿಗಷ್ಟೇ ತುಕ್ಕು ಹಿಡಿದಿದ್ದರೆ, ಹಿಂದಿನ ಮಾಲೀಕರಿಗೂ ಆ ವೀಡಿಯೊ ಫಾರ್ವರ್ಡ್ ಆಗಿತ್ತು ಎಂದೇ ತಿಳಿಯಿರಿ.